ಹೆಲೆನೆಯ ಎಂಜಿನ್

ಹೊಬೋಕೆನ್ ಧಕ್ಕೆ, ನ್ಯೂಯಾರ್ಕಿನ ಎದುರು ದಡ
೯ ಆಗಸ್ಟ್ ೧೯೧೪

ಪ್ರೀತಿಯ ಗೆಜೀನ,

ಈ ಹೊತ್ತಿಗೆ ನಾನು ಬ್ರೆಮರ್‌ಹಾವೆನ್ನಿನ ನಮ್ಮ ಅಡುಗೆಮನೆಯಲ್ಲಿ ಕೂತಿರಬೇಕಿತ್ತು. ಎಣ್ಣೆ ಮೆತ್ತಿದ ಬೂಟು ಒಳಗೆ ತಂದಿದ್ದೀಯ ಅಂತ ನೀನು ಬೈಯುತ್ತಿರಬೇಕಿತ್ತು. ಇಲ್ಲಿ ಬೈಯುವವರೂ ಇಲ್ಲ, ಹೊರಡುವ ಸುದ್ದಿಯೂ ಇಲ್ಲ.

ನಮ್ಮ ಹಡಗು ಹೆಲೆನೆ ಹೊರಡಲು ಸಿದ್ಧವಾಗಿದ್ದಳು. ಬಾಯ್ಲರಿಗೆ ಬೆಂಕಿ ಕೊಟ್ಟಾಗಿತ್ತು, ಪ್ರಯಾಣಿಕರು ಪೆಟ್ಟಿಗೆ ಹಿಡಿದು ಧಕ್ಕೆಯ ಮೇಲೆ ನಿಂತಿದ್ದರು. ಅಷ್ಟರಲ್ಲಿ ಕ್ಯಾಪ್ಟನ್ ಎಂಜಿನ್ ಮನೆಗೆ ತಾವೇ ಇಳಿದು ಬಂದರು. ಅವರು ಅಲ್ಲಿಗೆ ಇಳಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಬೆಂಕಿ ಆರಿಸ್ರಪ್ಪ," ಅಂದರು. "ಯುದ್ಧ ಶುರುವಾಗಿದೆ. ಜರ್ಮನ್ ಹಡಗು ಹಿಡಿಯೋಕೆ ಆಚೆ ಸಮುದ್ರದಲ್ಲಿ ಇಂಗ್ಲಿಷರ ಯುದ್ಧನೌಕೆ ಕಾಯ್ತಾ ನಿಂತಿದೆ." ಹದಿಮೂರು ವರ್ಷದಿಂದ ಈ ಎಂಜಿನ್ ಜೊತೆ ಇದ್ದೀನಿ, ಪೂರ್ತಿ ತಣ್ಣಗಾದದ್ದನ್ನು ಮುಟ್ಟಿರಲಿಲ್ಲ. ಹೆಣ ಮುಟ್ಟಿದ ಹಾಗೆ ಕೈ ಹಿಂದೆ ತೆಗೆದೆ.

ಹೆದರಬೇಡ. ಅಮೆರಿಕ ಈ ಜಗಳದಲ್ಲಿಲ್ಲ. ಎಲೆ ಉದುರೋ ಹೊತ್ತಿಗೆ ಮನೆಯಲ್ಲಿರ್ತೀವಿ ಅಂತ ಎಲ್ಲರೂ ಹೇಳ್ತಿದ್ದಾರೆ. ಹಾಯೊನಿಗೆ ಹೇಳು, ಅಪ್ಪ ಬರೋವರೆಗೆ ಅವನೇ ಮನೆಯ ಎಂಜಿನಿಯರ್ ಅಂತ. ಒಲೆಯ ಕೊಳವೆ ಸರಿ ಮಾಡಲಿ.

ನಿನ್ನ
ಡೀರ್ಕ್


ಬ್ರೆಮರ್‌ಹಾವೆನ್
೨೨ ನವೆಂಬರ್ ೧೯೧೪

ಡೀರ್ಕ್,

ಎಲೆ ಉದುರಿ ಆಯ್ತು. ಗುಡಿಸಿಯೂ ಆಯ್ತು.

ನಿನ್ನ ಪತ್ರ ಹಾಲೆಂಡ್ ಸುತ್ತಿಕೊಂಡು ಬಂತು. ಯಾರೋ ಇಂಗ್ಲಿಷಿನವನು ಒಡೆದು ಓದಿ ಮತ್ತೆ ಅಂಟಿಸಿದ್ದಾನೆ. ನಿನ್ನ ಬೂಟಿನ ವಿಷಯ ಅವನಿಗೂ ಗೊತ್ತಾಯ್ತು.

ಬಂದರು ಖಾಲಿ. ಕಂಪನಿಯ ಒಂದು ಹಡಗೂ ಇಲ್ಲ. ಎಲ್ಲವೂ ಎಲ್ಲೆಲ್ಲೋ ಸಿಕ್ಕಿಬಿದ್ದಿವೆ. ನಾನು ಕೆಲಸ ಮಾಡುತ್ತಿದ್ದ ವಲಸಿಗರ ಛತ್ರದಲ್ಲಿ ಈಗ ಸೈನಿಕರನ್ನು ಮಲಗಿಸಿದ್ದಾರೆ. ಬೇಸಿಗೆಯಲ್ಲಿ ಅಮೆರಿಕಕ್ಕೆ ಹೊರಟ ಪೋಲೆಂಡಿನ ಹೆಂಗಸರಿಗೆ ಸೂಪು ಬಡಿಸಿದ ಅದೇ ಸೌಟಿನಿಂದ ಈಗ ಇವರಿಗೆ ಬಡಿಸುತ್ತೀನಿ. ಆ ಹೆಂಗಸರು ಅಳುತ್ತಿದ್ದರು. ಇವರು ಹಾಡುತ್ತಾರೆ.

ನಿಮ್ಮ ಹಡಗಿನ ರೊಟ್ಟಿಗಾರ ಮೆಂಕೆಯ ಹೆಂಡತಿ ಆಲ್ಮುತ್ ಇದ್ದಾಳಲ್ಲ, ನಿನ್ನೆ ಬೇಲಿ ಹತ್ತಿರ ನಿಲ್ಲಿಸಿ ಕೇಳಿದಳು, "ಏನೇ ಗೆಜೀನ, ಹೊಬೋಕೆನ್ನಿನಲ್ಲಿ ಹುಡುಗೀರು ಭಾಳ ಚೆನ್ನಾಗಿರ್ತಾರಂತಲ್ಲ? ನಮ್ಮೋರು ಇನ್ನು ಮನೆ ದಾರಿ ಹಿಡಿದಂಗೇ." ನಾನು ಹೇಳಿದೆ, "ನಮ್ಮನೇವ್ರನ್ನ ಹುಡುಗಿ ಕದೀಬೇಕಾದ್ರೆ ಅವಳಿಗೆ ಹೊಗೆಗೊಳವೆ ಇರಬೇಕು ಕಣೆ."

ಕೊಳವೆ ಸರಿ ಮಾಡಲು ಹೋಗಿ ಹಾಯೊ ಅಡುಗೆಮನೆ ಪೂರ್ತಿ ಮಸಿ ಮಾಡಿದ. ನಿನ್ನ ಮಗನೇ.

ಗೆಜೀನ


ಹೊಬೋಕೆನ್
೧೪ ಮೇ ೧೯೧೬

ಪ್ರೀತಿಯ ಗೆಜೀನ,

ನಿನ್ನೆ ಹಡಗಿನಲ್ಲಿ ಹಬ್ಬ ಮಾಡಿದೆವು. ನಮ್ಮ ಕಂಪನಿ ಟೀಡೆಮಾನ್ ಲೈನ್ ಶುರುವಾಗಿ ಐವತ್ತು ವರ್ಷ. ಎಲ್ಲಿಗೂ ಹೋಗದ ಹಡಗಿಗೆ ಬಾವುಟ ಕಟ್ಟಿದೆವು, ಬ್ಯಾಂಡು ಬಾರಿಸಿದೆವು. ಮೊದಲ ದರ್ಜೆಯ ಊಟದ ಕೋಣೆಯಲ್ಲಿ ಕಲ್ಲಿದ್ದಲು ಸುರಿಯುವವರೂ ಬಿಳಿ ಮೇಜುಬಟ್ಟೆಯ ಮುಂದೆ ಕೂತರು. ಕಂಪನಿಯ ನ್ಯೂಯಾರ್ಕ್ ಏಜೆಂಟರು ಬಂದು ಭಾಷಣ ಮಾಡಿದರು. ಹಿರಿಯ ಟೀಡೆಮಾನ್‌ರು ತಂಬಾಕು ವ್ಯಾಪಾರಿ, ಮೂರು ಪಟಸ್ತಂಭದ ಒಂದೇ ಹಾಯಿಹಡಗು ಇಟ್ಟುಕೊಂಡಿದ್ದರಂತೆ. ಅಮೆರಿಕದ ಬಾಲ್ಟಿಮೋರಿನಿಂದ ತಂಬಾಕು ತರುವುದು, ಹೋಗುವಾಗ ಬರಿದಾದ ಅದೇ ಉಗ್ರಾಣದಲ್ಲಿ ವಲಸೆ ಹೋಗುವ ಜನರನ್ನು ತುಂಬುವುದು. "ಮನುಷ್ಯರಿಗೆ ಕನಸು ಕೊಟ್ಟರು" ಅಂದರು ಏಜೆಂಟರು. ಮೆಂಕೆ ನನ್ನ ಕಿವಿಯಲ್ಲಿ, "ಕನಸಿನ ಜೊತೆ ಸೀನೂ ಫ್ರೀ ಕೊಟ್ರು ಮಾರಾಯ, ತಂಬಾಕಿನ ಘಾಟಿಗೆ" ಅಂದ. ನಗು ತಡೆಯಲಾರದೆ ನಾನು ಕೆಮ್ಮಿದ ಹಾಗೆ ಮಾಡಿದೆ.

ಆದರೂ ಹೇಳ್ತೀನಿ, ನನಗೆ ಎದೆ ತುಂಬಿ ಬಂತು. ಎಷ್ಟು ಜನರನ್ನು ದಾಟಿಸಿದ್ದೀವಿ ಗೆಜೀನ! ಇಲ್ಲಿನ ಬೀದಿಗಳಲ್ಲಿ ನಡೆದರೆ ಕಟುಕ, ಕ್ಷೌರಿಕ, ಪಾದ್ರಿ, ಯಾರನ್ನು ಕೇಳಿದರೂ "ನಾನು ಬಂದದ್ದು ನಿಮ್ಮ ಹಡಗಲ್ಲೇ" ಅನ್ನುತ್ತಾರೆ. ಈಚೆಗೆ ಕೆಲವರು ಹಾಗೆ ಹೇಳಿ ಆಮೇಲೆ ಆಚೀಚೆ ನೋಡುತ್ತಾರೆ. ನಮ್ಮ ಭಾಷೆ ಗಟ್ಟಿಯಾಗಿ ಆಡಿದರೆ ಟ್ರಾಮಿನಲ್ಲಿ ಜನ ತಿರುಗಿ ನೋಡುವ ಕಾಲ ಬಂದಿದೆ.

ಹಿರಿಯ ಎಂಜಿನಿಯರ್ ಪಿತ್ತಕೋಶದ ನೋವಿನಿಂದ ಆಸ್ಪತ್ರೆ ಸೇರಿದ್ದಾರೆ. ಎಂಜಿನ್ ಈಗ ನನ್ನ ಕೈಯಲ್ಲಿದೆ. ತುಕ್ಕು ಹಿಡಿಯದ ಹಾಗೆ ವಾರವಾರವೂ ಅದನ್ನು ಕೈಯಿಂದಲೇ ತಿರುಗಿಸುತ್ತೀವಿ. ಊಟದ ಬಗ್ಗೆ ನೀನು ಕೇಳಿದ್ದೆ. ನಾವೂ ಬರೀ ಸೂಪು ಕುಡಿದುಕೊಂಡಿದ್ದೀವಿ, ನಿಮ್ಮ ಹಾಗೇ. ಒಂದು ಫೋಟೋ ಇಟ್ಟಿದ್ದೀನಿ.

ಡೀರ್ಕ್


ಬ್ರೆಮರ್‌ಹಾವೆನ್
೨೮ ಜನವರಿ ೧೯೧೭

ಡೀರ್ಕ್,

ಫೋಟೋ ಈಗ ತಲುಪಿತು. ನಿಮ್ಮ ಸೂಪು ಭಾಳ ಗಟ್ಟಿ ಇರಬೇಕು. ಕೋಟಿನ ಗುಂಡಿ ಎರಡೂ ಕಡೆ ಎಳೆದು ನಿಂತಿದೆ.

ಸುಳ್ಳು ಹೇಳಲು ಬರದಿದ್ದರೆ ಹೇಳಬಾರದು. ನೀನು ಹೊಟ್ಟೆ ತುಂಬಾ ತಿಂದರೆ ನನಗೆ ಸಂತೋಷವೇ. ನಾವೂ ಚೆನ್ನಾಗಿದ್ದೀವಿ. ಆಲೂಗಡ್ಡೆ ಕೊಳೆತು ಹೋಯಿತು, ಅದಕ್ಕೆ ಎಲ್ಲರೂ ಟರ್ನಿಪ್ ಗೆಡ್ಡೆ ತಿನ್ನುತ್ತಿದ್ದೀವಿ. ಗೆಡ್ಡೆಯ ರೊಟ್ಟಿ, ಗೆಡ್ಡೆಯ ಹಲ್ವ, ಗೆಡ್ಡೆಯನ್ನೇ ಹುರಿದು ಕಾಫಿ. ದನಕ್ಕೆ ಹಾಕುತ್ತಿದ್ದದ್ದು. ಇನ್ನೊಂದು ತಿಂಗಳಲ್ಲಿ ನಾನು ಅಂಬಾ ಅನ್ನಬಹುದು.

ಹಾಯೊ ಹಡಗು ಕಟ್ಟುವ ಅಂಗಳದಲ್ಲಿ ಕೆಲಸ ಕಲಿಯಲು ಸೇರಿದ. ಕಬ್ಬಿಣದ ಹಲಗೆ ಜೋಡಿಸಲು ಕಾದ ಮೊಳೆ, ರಿವೆಟ್, ಬಡಿಯುವ ಗುಂಪಿನಲ್ಲಿದ್ದಾನೆ. ಅವನಿಗೆ ಮೀಸೆ ಬಂದಿದೆ, ಅಂದರೆ ಬಂದಿದೆ ಅಂತ ಅವನ ನಂಬಿಕೆ. "ಅಪ್ಪ ಬಂದ್ಮೇಲೆ ಹೆಲೆನೇಲಿ ಅವರ ಕೈಕೆಳಗೆ ಸೇರ್ಕೋತೀನಮ್ಮ" ಅನ್ನುತ್ತಾನೆ. ನಾನು, "ಅವರ ಕೈಕೆಳಗೆ ನಾನಿದ್ದೀನಲ್ಲ, ಸಾಲದಾ?" ಅಂದೆ.

ಗೆಜೀನ


ಎಲ್ಲಿಸ್ ದ್ವೀಪ, ನ್ಯೂಯಾರ್ಕ್
೬ ಮೇ ೧೯೧೭

ಗೆಜೀನ,

ಅಮೆರಿಕವೂ ಯುದ್ಧಕ್ಕೆ ಇಳಿದದ್ದು ಅಲ್ಲಿ ಗೊತ್ತಾಗಿರುತ್ತೆ. ಅವತ್ತು ಬೆಳಿಗ್ಗೆ ಸೈನಿಕರು ಹಲಗೆ ಹತ್ತಿ ಬಂದು ನಮ್ಮನ್ನು ಇಳಿಸಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಮೆಂಕೆ ಒಲೆಯಲ್ಲಿಟ್ಟಿದ್ದ ರೊಟ್ಟಿ ಹೊರಗೆ ತೆಗೆಯುವವರೆಗೆ ಕಾದರು ಕೂಡ. ಹೆಲೆನೆಯ ಬಾವುಟ ಇಳಿಯಿತು. ನಾನು ನೋಡಲಿಲ್ಲ, ಟೋಪಿ ಸರಿ ಮಾಡಿಕೊಳ್ಳುತ್ತಾ ನಿಂತೆ.

ಈಗ ನಾವು ಇರುವುದು ಯಾವ ದ್ವೀಪದಲ್ಲಿ ಗೊತ್ತಾ? ನಾವು ದಾಟಿಸಿದ ವಲಸಿಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಣ್ಣು, ತಲೆ ಪರೀಕ್ಷೆ ಮಾಡುತ್ತಿದ್ದರಲ್ಲ, ಅದೇ ಕಟ್ಟಡ. ನನ್ನ ಕಣ್ಣಿನ ರೆಪ್ಪೆಯನ್ನೂ ಮಗುಚಿ ನೋಡಿದರು. ನೋವಾಗುತ್ತೆ. ಇಷ್ಟು ವರ್ಷ ಯಾರೂ ನಮಗೆ ಅದನ್ನು ಹೇಳಿರಲಿಲ್ಲ.

ಫೆಬ್ರವರಿಯಲ್ಲಿ ನಮ್ಮ ಎಲ್ಲಾ ಹಡಗಿನವರಿಗೂ ನಮ್ಮ ಸರ್ಕಾರದಿಂದ ಒಂದು ಆಜ್ಞೆ ಬಂದಿತ್ತು. ಶತ್ರುವಿನ ಕೈಗೆ ಹೋದರೂ ನಡೆಯದ ಹಾಗೆ ಎಂಜಿನ್ ಒಡೆದುಬಿಡಿ ಅಂತ. ಅದರ ಬಗ್ಗೆ ಪೇಪರಿನಲ್ಲೂ ಬಂದಿದೆ. ಹೆಲೆನೆಯ ಎಂಜಿನ್ ಮನೆಗೆ ಅವತ್ತು ಸುತ್ತಿಗೆ ಹಿಡಿದು ನಾನೇ ಇಳಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ. ಕೇಳಬೇಡ.

ಡೀರ್ಕ್


ಬ್ರೆಮರ್‌ಹಾವೆನ್
೧೧ ಅಕ್ಟೋಬರ್ ೧೯೧೭

ನನ್ನ ಡೀರ್ಕ್,

ಸ್ವಿಟ್ಜರ್ಲೆಂಡಿನ ರೆಡ್ ಕ್ರಾಸಿನವರು ನಿನ್ನ ಪತ್ರ ತಲುಪಿಸಿದರು. ಆ ಎಂಜಿನ್ ನಿನಗೆ ಏನಾಗಿತ್ತು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೆಲೆನೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ನೀನು ಅವಳ ಜ್ವರ ನೋಡುವಷ್ಟು ಮುತುವರ್ಜಿಯಿಂದ ನನ್ನದನ್ನು ನೋಡಿದವನಲ್ಲ. ಅಂಥದ್ದನ್ನು ನಿನ್ನ ಕೈಯಿಂದಲೇ ಒಡೆಯಬೇಕಾಯಿತಲ್ಲ.

ಕಂಪನಿಯ ಗುಮಾಸ್ತರು ಮನೆಗೆ ಬಂದಿದ್ದರು. ಟೋಪಿ ತೆಗೆದು ನನ್ನ ಕೈ ಕುಲುಕಿ, "ನಿಮ್ಮ ಯಜಮಾನರು ತಮ್ಮ ಎದೆಯನ್ನೇ ಒಡೆದುಕೊಂಡರು, ಅಮ್ಮ" ಅಂದರು. ಬೀದಿಗೆಲ್ಲ ಗೊತ್ತಾಗಿದೆ. ಗೆಡ್ಡೆಯ ಸಾಲಿನಲ್ಲಿ ನನ್ನನ್ನು ಮುಂದೆ ಬಿಡುತ್ತಾರೆ. ಆಲ್ಮುತ್ ಕೂಡ ಬಿಟ್ಟಳು, ಅದೂ ಗೊಣಗದೆ.

ಹಾಯೊ ಹೆಮ್ಮೆಯಿಂದ ಓಡಾಡುತ್ತಿದ್ದಾನೆ. ಅಳಬೇಡ. ಅತ್ತರೂ ನನಗೆ ಬರೆ.

ಗೆಜೀನ


ಉತ್ತರ ಕೆರೊಲಿನಾದ ಶಿಬಿರ
೧೭ ಫೆಬ್ರವರಿ ೧೯೧೮

ಪ್ರೀತಿಯ ಗೆಜೀನ,

ನಮ್ಮನ್ನು ಬೆಟ್ಟದ ನಡುವಿನ ಒಂದು ದೊಡ್ಡ ಹೋಟೆಲಿಗೆ ತಂದು ಸುತ್ತ ಬೇಲಿ ಹಾಕಿದ್ದಾರೆ. ಸಮುದ್ರದ ವಾಸನೆಯೇ ಇಲ್ಲ. ನದಿಯಲ್ಲಿ ತೇಲಿಬಂದ ಮರ, ಡಬ್ಬಿಯ ತಗಡು ಆಯ್ದು ನಾವು ಸಣ್ಣ ಸಣ್ಣ ಗುಡಿಸಲು ಕಟ್ಟಿಕೊಳ್ಳುತ್ತಿದ್ದೀವಿ. ನಮ್ಮೂರ ಬೀದಿಯ ಹಾಗೇ ಕಾಣುತ್ತದೆ. ಭಾನುವಾರ ಸುತ್ತಲಿನ ಹಳ್ಳಿಯವರು ಬೇಲಿಯಾಚೆ ನಿಂತು ನೋಡುತ್ತಾರೆ.

ಗುಮಾಸ್ತರು ಹೇಳಿದ್ದು, ಬೀದಿಯವರು ಮಾಡಿದ್ದು ಓದಿದೆ. ಆ ವಿಷಯ ಅಲ್ಲಿಗೆ ಬಿಡೋಣ.

ಹಾಯೊನಿಗೆ ಇದನ್ನು ಓದಿ ಹೇಳು. ಮಗಾ, ರಿವೆಟ್ ಹಳದಿಗೆ ತಿರುಗೋವರೆಗೆ ಒಲೆಯಿಂದ ತೆಗೀಬೇಡ. ಕೆಂಪಿದ್ದಾಗ ಬಡಿದರೆ ಬಡಿದ ಹಾಗೆ ಕಾಣುತ್ತೆ, ಕೂರಲ್ಲ. ಕಿವಿಗೆ ಹತ್ತಿ ಇಟ್ಟುಕೋ, ನಿನ್ನಜ್ಜ ಇಡದೆ ಕಿವುಡಾದರು. ಹಲಗೆಯ ಮೇಲೆ ನಿಂತಾಗ ಹಿಂದಕ್ಕೆ ಹೆಜ್ಜೆ ಇಡಬೇಡ. ನಿನ್ನ ಜಾಗ ಯುದ್ಧಕ್ಕೆ ಬೇಕಾದ ಕೆಲಸದ ಜಾಗ, ಹಾಗಾಗಿ ನಿನ್ನನ್ನು ಸೈನ್ಯಕ್ಕೆ ಕರೆಯಲ್ಲ. ಮೇಸ್ತ್ರಿಯ ಹತ್ತಿರ ಮಾತು ಬೆಳೆಸಿ ಅದನ್ನು ಕಳಕೋಬೇಡ.

ಗೆಜೀನ, ಅವನು ಅಂಗಳದಲ್ಲಿ ಇದ್ದಾನೆ ಅನ್ನೋ ಒಂದು ಸಮಾಧಾನದಲ್ಲಿ ನನಗೆ ನಿದ್ದೆ ಬರುತ್ತೆ.

ಡೀರ್ಕ್


ಬ್ರೆಮರ್‌ಹಾವೆನ್
೫ ಜೂನ್ ೧೯೧೮

ಡೀರ್ಕ್,

ನಿನ್ನ ಉಪದೇಶ ಓದಿದೆವು. ಹಾಯೊ ಬಿದ್ದು ಬಿದ್ದು ನಕ್ಕ. "ಹಿಂದಕ್ಕೆ ಹೆಜ್ಜೆ ಇಡಬೇಡ ಅಂತಾರಲ್ಲಮ್ಮ ಅಪ್ಪ, ನಮ್ಮ ಮೇಸ್ತ್ರಿನೂ ದಿನಾ ಅದನ್ನೇ ಕೂಗೋದು" ಅಂದ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನಂತೆ. ಚೆನ್ನಾಗಿದ್ದಾನೆ. ಕೆಲಸ ಜಾಸ್ತಿ, ಅದಕ್ಕೇ ಅವನು ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಕೈ ಒರಟಾಗಿದೆ. ನಿನಗಿಂತ ಎತ್ತರವಾಗಿದ್ದಾನೆ.

ನಿನ್ನ ಗುಡಿಸಲಿಗೆ ಕಿಟಕಿ ಇಟ್ಟಿದ್ದೀಯಾ? ಪರದೆ ಹಾಕು. ಜನ ಬಂದು ನೋಡ್ತಾರೆ ಅಂತೀಯಲ್ಲ.

ಗೆಜೀನ


ಬ್ರೆಮರ್‌ಹಾವೆನ್
೩ ನವೆಂಬರ್ ೧೯೧೮

ಡೀರ್ಕ್,

ಕೂತು ಓದು. ಮೆಂಕೆ ಹತ್ತಿರ ಇದ್ದರೆ ಅವನನ್ನು ಪಕ್ಕದಲ್ಲಿ ಕೂರಿಸಿಕೋ.

ಹಾಯೊ ಇಲ್ಲ. ಅಕ್ಟೋಬರಿನಲ್ಲಿ, ಫ್ರಾನ್ಸಿನ ಆರ್ಗೊನ್ ಕಾಡಿನಲ್ಲಿ.

ಅವನು ಅಂಗಳದಲ್ಲಿ ಇರಲಿಲ್ಲ. ಮಾರ್ಚಿನಲ್ಲೇ ಅವನನ್ನು ಸೈನ್ಯಕ್ಕೆ ಕರೆದರು. ಈ ವರ್ಷ ಹದಿನೆಂಟಾದವರನ್ನು ಒಬ್ಬರನ್ನೂ ಬಿಡಲಿಲ್ಲ. ನಿನ್ನ ಉಪದೇಶವನ್ನು ಅವನು ರಜೆಗೆ ಬಂದಾಗ ಓದಿದ, ಸೈನ್ಯದ ಬಟ್ಟೆಯಲ್ಲೇ. ನಕ್ಕದ್ದು ನಿಜ. ಮೇಸ್ತ್ರಿ ಅಂದದ್ದು ಅವನ ಸಾರ್ಜೆಂಟನ್ನು. ನಾನು ನಿಜ ಬರೆಯುತ್ತೀನಿ ಅಂದೆ. ಅವನು ಪೆನ್ನು ಕಿತ್ತುಕೊಂಡ. "ಬೇಡಮ್ಮ. ಅಪ್ಪ ಬೇಲಿಯೊಳಗೆ ಕೂತು ಏನು ಮಾಡಕ್ಕಾಗುತ್ತೆ? ಸುಮ್ನೆ ಒದ್ದಾಡ್ತಾರೆ. ನಾನು ವಾಪಸ್ ಬಂದ್ಮೇಲೆ ನಾನೇ ಹೇಳ್ತೀನಿ, ಬೈದ್ರೆ ನಾನೇ ಬೈಸ್ಕೋತೀನಿ." ಅದಕ್ಕೆ ನಾನು ಒಪ್ಪಿದೆ. ಒಪ್ಪಬಾರದಿತ್ತು.

ಅವನ ಜೊತೆಗಿದ್ದ ಒಬ್ಬ, ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ. ಅಡುಗೆಮನೆಯಲ್ಲಿ ಕೂತು ಹೇಳಿದ. "ಅಮೆರಿಕದೋರು ಕಣಮ್ಮ. ಕಾಡು ತುಂಬಾ ಅಮೆರಿಕದೋರು. ಒಬ್ಬ ಬಿದ್ರೆ ಹತ್ತು ಜನ. ಹೊಟ್ಟೆ ತುಂಬಿದ ಹುಡುಗ್ರು, ಹೊಸ ಬೂಟು. ಎಲ್ಲಿಂದ ಬಂದ್ರಮ್ಮ ಅಷ್ಟೊಂದು ಜನ? ಸಮುದ್ರದಾಚೆಯಿಂದ ಅಷ್ಟು ಜನಾನ ಯಾರು ತಂದು ಹಾಕಿದ್ರು?"

ನನಗೆ ಗೊತ್ತಿಲ್ಲಪ್ಪ ಅಂದೆ.

ಹಾಯೊನಿಗೆ ನೋವಾಗಲಿಲ್ಲವಂತೆ. ಎಲ್ಲರ ಅಮ್ಮಂದಿರಿಗೂ ಹಾಗೇ ಹೇಳುತ್ತಾರೆ ಅಂತ ನನಗೆ ಗೊತ್ತು. ಆದರೂ ಆ ಹುಡುಗನ ಬಾಯಿಂದ ಇನ್ನೊಂದು ಸಲ ಹೇಳಿಸಿಕೊಂಡೆ.

ಗೆಜೀನ


ಜಾರ್ಜಿಯಾದ ಶಿಬಿರ
೨೦ ನವೆಂಬರ್ ೧೯೧೮

ನನ್ನ ಮುದ್ದಿನ ಗೆಜೀನ,

ಮುಗೀತು! ಯುದ್ಧ ಮುಗೀತು! ಕಾವಲಿನವರೂ ನಮ್ಮ ಜೊತೆ ಕುಣಿದರು. ಮೆಂಕೆ ಎಲ್ಲಿಂದಲೋ ಬೆಣ್ಣೆ ಗಿಟ್ಟಿಸಿ ಕೇಕು ಮಾಡಿದ. ಬೇಸಿಗೆಯಲ್ಲಿ ಟೈಫಾಯ್ಡ್ ಬಂದು ನಮ್ಮವರಲ್ಲಿ ಎಷ್ಟೋ ಜನ ಹೋದರು, ಅದಕ್ಕೇ ಈ ಶಿಬಿರಕ್ಕೆ ಸ್ಥಳ ಬದಲಾಯಿಸಿದರು. ನೀನು ಹೆದರ್ತೀಯ ಅಂತ ಬರೆದಿರಲಿಲ್ಲ. ನಾನೂ ಮೆಂಕೆಯೂ ಗಟ್ಟಿಯಾಗಿದ್ದೀವಿ.

ಇನ್ನು ನಮ್ಮ ದೇಶದ ಕಾಗದಪರೀಕ್ಷಕರಿಗೆ ಹೆದರಬೇಕಿಲ್ಲ. ಎರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಡ್ತೀನಿ, ಕೇಳು. ನಾನು ಹೆಲೆನೆಯ ಎಂಜಿನ್ ಒಡೆಯಲಿಲ್ಲ.

ಹೌದು. ಸುತ್ತಿಗೆ ಹಿಡಿದು ಇಳಿದದ್ದು ನಿಜ. ಸಹಾಯಕರನ್ನೆಲ್ಲ ಮೇಲೆ ಕಳಿಸಿದೆ, ಇದು ನನ್ನೊಬ್ಬನ ಕೆಲಸ ಅಂದೆ. ಸಿಲಿಂಡರಿನ ಮುಂದೆ ನಿಂತು ಸುತ್ತಿಗೆ ಎತ್ತಿದೆ. ಕೈ ಮೇಲೇ ನಿಂತುಬಿಟ್ಟಿತು. ಮೂಲೆಯಲ್ಲಿ ಕೆಲಸಕ್ಕೆ ಬಾರದ ಒಂದು ಹಳೆಯ ಪಂಪಿನ ಪೆಟ್ಟಿಗೆ ಇತ್ತು. ಅದನ್ನು ಬಡಿದೆ. ಮೇಲಿನವರಿಗೆ ಸದ್ದು ಕೇಳಬೇಕಲ್ಲ! ಮೈ ಬೆವರಿಳಿದು ಹತ್ತಿ ಬಂದಾಗ ಕ್ಯಾಪ್ಟನ್ ನನ್ನ ಹೆಗಲು ತಟ್ಟಿದರು. ಅವರ ಕಣ್ಣು ಒದ್ದೆಯಾಗಿತ್ತು.

ಬೇರೆ ಹಡಗುಗಳನ್ನು ರಿಪೇರಿ ಮಾಡಲು ಅಮೆರಿಕದವರಿಗೆ ತಿಂಗಳುಗಟ್ಟಲೆ ಹಿಡಿಯಿತು. ಹೆಲೆನೆ ಕೂಡಲೇ ಹೊರಟಳು. ಬೇರೆ ಹೆಸರು ಬರೆದರು, ಬೂದುಬಣ್ಣ ಬಳಿದರು, ಆದರೂ ಪೇಪರಿನ ಚಿತ್ರದಲ್ಲಿ ಕಂಡಕೂಡಲೇ ಗುರುತು ಹಿಡಿದೆ. ಈ ವರ್ಷ ಬೇಸಿಗೆ ಪೂರ್ತಿ ಒಂದು ದಿನ ಬಿಡುವಿಲ್ಲದೆ ಫ್ರಾನ್ಸಿಗೆ ಹೋಗಿ ಬಂದಳಂತೆ, ಓಣಿ ಓಣಿಯಲ್ಲೂ ಸೈನಿಕರನ್ನು ಮಲಗಿಸಿಕೊಂಡು. ಒಂದು ಸಲವೂ ಎಂಜಿನ್ ಕೈಕೊಟ್ಟಿಲ್ಲ. ಶತ್ರುವಿನ ಸೈನಿಕರು, ನಿಜ. ಅವಳಲ್ಲದಿದ್ದರೆ ಇನ್ನೊಂದು ಹಡಗು ಹೊರುತ್ತಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಎಂಜಿನ್ ಓಡಿದ್ದು ಓದಿ ಒಳಗೊಳಗೇ ಹಿಗ್ಗಿದೆ. ಬೈಬೇಡ.

ಯಾಕೆ ಉಳಿಸಿದೆ ಅಂತ ಕೇಳ್ತೀಯ. ಹಾಯೊಗೋಸ್ಕರ. ನೀನು ಬರೆದಿದ್ದೆಯಲ್ಲ, ಹೆಲೆನೆಯಲ್ಲಿ ನನ್ನ ಕೈಕೆಳಗೆ ಸೇರ್ತೀನಿ ಅಂತಾನೆ ಅಂತ. ಆ ಪತ್ರ ಬಂದದ್ದು ಆಮೇಲೆ. ಆದರೆ ಅವನ ಮನಸ್ಸು ನನಗೆ ಮೊದಲೇ ಗೊತ್ತಿರಲಿಲ್ಲವಾ? ಯುದ್ಧ ಮುಗಿದ ಮೇಲೆ ಹಡಗು ವಾಪಸ್ ಕೊಡ್ತಾರೆ. ಕಂಪನಿ ಮತ್ತೆ ಏಳುತ್ತೆ, ಒಂದೇ ಹಡಗಿನಿಂದ ಎದ್ದ ಹಾಗೆ. ನನ್ನ ಮಗ ಅದೇ ಎಂಜಿನ್ ಮುಂದೆ ನಿಲ್ತಾನೆ.

ಇದನ್ನು ಅವನಿಗೆ ಓದಿ ಹೇಳು. ಅವನ ಮುಖ ಹೇಗಾಯ್ತು ಅಂತ ನನಗೆ ಬರೆ.

ನಿನ್ನ
ಡೀರ್ಕ್


ಬ್ರೆಮರ್‌ಹಾವೆನ್
೧೯ ಜನವರಿ ೧೯೧೯

ನಿನ್ನ ನವೆಂಬರಿನ ಪತ್ರ ಬಂತು. ಓದಿದೆ.

ಇನ್ನು ಮೇಲೆ ನನಗೆ ಬರೆಯಬೇಡ.

ಗೆಜೀನ


ಜಾರ್ಜಿಯಾದ ಶಿಬಿರ
೨೬ ಜನವರಿ ೧೯೧೯

ಗೆಜೀನ,

ನೀನು ನವೆಂಬರ್ ಮೂರನೇ ತಾರೀಕು ಬರೆದದ್ದು ಇವತ್ತು ಬಂತು.

ನಾನು ಅದೇ ತಿಂಗಳು ಇಪ್ಪತ್ತನೇ ತಾರೀಕು ಒಂದು ಪತ್ರ ಹಾಕಿದ್ದೀನಿ. ಅದು ಬಂದರೆ ಒಡೆಯಬೇಡ. ದೇವರಾಣೆ ಒಡೆಯಬೇಡ. ನೀಲಿ ಲಕೋಟೆ. ಹಾಗೇ ಒಲೆಗೆ ಹಾಕು. ಆಲ್ಮುತ್ ಕೈಗೂ ಕೊಡಬೇಡ. ದಾರಿಯಲ್ಲಿ ಕಳೆದುಹೋಗಿದ್ದರೆ ಸಾಕು, ಎಷ್ಟು ಪತ್ರ ಕಳೆದುಹೋಗುತ್ತೆ, ಅದೊಂದು ಹೋಗಬಾರದಾ.

ಮೆಂಕೆ ಪಕ್ಕದಲ್ಲಿದ್ದಾನೆ. ನನ್ನ ಕೈ ಹಿಡಿದುಕೊಂಡಿದ್ದಾನೆ, ಅಕ್ಷರ ಅದಕ್ಕೇ ಹೀಗಿದೆ. ನಾನು ಅವನಿಗೆ ರಿವೆಟ್ ಬಗ್ಗೆ ಬರೆದೆ ಗೆಜೀನ. ಕಂದಕದಲ್ಲಿ ಕೂತವನಿಗೆ ರಿವೆಟ್ ಹಳದಿ ಆಗಲಿ ಅಂತ ಬರೆದೆ.

ಆ ಪತ್ರ ಒಡೆಯಬೇಡ.

ಡೀರ್ಕ್


ಜಾರ್ಜಿಯಾದ ಶಿಬಿರ
೩೦ ಮಾರ್ಚ್ ೧೯೧೯

ಗೆಜೀನ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದಿಬಿಡು.

ನಮ್ಮನ್ನು ಸದ್ಯದಲ್ಲೇ ಬಿಡುತ್ತಾರಂತೆ. ಹೋದ ವಾರ ನೌಕಾ ಇಲಾಖೆಯ ಒಬ್ಬ ಅಧಿಕಾರಿ ನನ್ನನ್ನು ಕರೆಸಿದ. ಹೆಲೆನೆ ಈಗ ಫ್ರಾನ್ಸಿನಿಂದ ಸೈನಿಕರನ್ನು ವಾಪಸ್ ತರುತ್ತಿದ್ದಾಳೆ. ಎಂಜಿನ್ ಸವೆದಿದೆ, ಅದನ್ನು ಬಲ್ಲವರು ಬೇಕು. "ನೀನು ಇಲ್ಲೇ ಉಳಿಯಬಹುದು, ಒಳ್ಳೆ ಕೆಲಸ ಕೊಡ್ತೀವಿ" ಅಂದ. "ಅದನ್ನು ಒಡೀದೆ ಬಿಟ್ಟವನು ಯಾರೋ ಗೊತ್ತಿಲ್ಲ, ಅವನಿಗೆ ನಾವು ಋಣಿ" ಅಂತ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಆ ಕೆಲಸ ನಾನು ಮುಟ್ಟಲ್ಲ. ಆದರೆ ಈ ದೇಶದಲ್ಲಿ ಬೇರೆ ಕೆಲಸ ಸಿಗುತ್ತೆ. ನೀನು ಬರಬೇಡ ಅಂದರೆ ಇಲ್ಲೇ ಎಲ್ಲೋ ಇದ್ದುಬಿಡ್ತೀನಿ, ನಿನ್ನ ಕಣ್ಣಿಗೆ ಬೀಳಲ್ಲ. ಹಾಯೊನನ್ನು ಕೊಂದ ಗುಂಡು ಹೆಲೆನೆಯಲ್ಲೇ ಬಂದಿತ್ತಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಯಾರ ಹತ್ತಿರವೂ ಇರಲ್ಲ. ಬಂದಿರಲಿಲ್ಲ ಅಂತ ಹೇಳುವವರು ಒಬ್ಬರೂ ಇಲ್ಲ, ಅದೇ.

ಏನು ಮಾಡಲಿ ಹೇಳು.

ಡೀರ್ಕ್


ಬ್ರೆಮರ್‌ಹಾವೆನ್
೧೫ ಜೂನ್ ೧೯೧೯

ಡೀರ್ಕ್,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಬಾರದು ಅಂತಲೇ ಇದ್ದೆ. ಹೋದ ಭಾನುವಾರ ನಡೆದದ್ದನ್ನು ಮಾತ್ರ ನೀನು ನನ್ನಿಂದಲೇ ಕೇಳಬೇಕು, ಬೇರೆಯವರಿಂದಲ್ಲ.

ಟೀಡೆಮಾನ್ ಲೈನಿಗೆ ಈಗ ಹಡಗುಗಳಿಲ್ಲ. ಯುದ್ಧದಲ್ಲಿ ಉಳಿದಿದ್ದ ಚೂರುಪಾರನ್ನೂ ಕದನವಿರಾಮದ ಒಪ್ಪಂದದಂತೆ ಇಂಗ್ಲಿಷರಿಗೆ ಒಪ್ಪಿಸಿದರು. ಬಂದರಿನಲ್ಲಿ ಹಡಗು ಎಳೆಯುವ ಒಂದು ಸಣ್ಣ ದೋಣಿ, ಆಮೇಲೆ ನಮ್ಮ ವಲಸಿಗರ ಛತ್ರ, ಇಷ್ಟೇ ಕಂಪನಿ. ಛತ್ರದಲ್ಲಿ ಸಭೆ ಕರೆದಿದ್ದರು. ಹಿರಿಯ ಟೀಡೆಮಾನರ ಮೊಮ್ಮಗ ಎದ್ದು ನಿಂತು, ನಮ್ಮ ಹಡಗು ಹೋಯಿತು, ಮಾನ ಹೋಗಲಿಲ್ಲ ಅಂದ. ನ್ಯೂಯಾರ್ಕಿನಲ್ಲಿ ತಮ್ಮ ಕೈಯಿಂದಲೇ ಎಂಜಿನ್ ಒಡೆದವರಿಗೆ ಕಂಪನಿಯ ಕೊನೆಯ ಗೌರವ ಅಂತ ಹೆಸರು ಕರೆಯತೊಡಗಿದ. ಬಾರದವರ ಪರವಾಗಿ ಹೆಂಡಂದಿರು ಹೋಗಿ ಪದಕ ತೆಗೆದುಕೊಂಡರು. ನಿನ್ನ ಹೆಸರು ಬಂತು. "ಇವರು ಮಗನನ್ನೂ ದೇಶಕ್ಕೆ ಕೊಟ್ಟವರು" ಅಂದ. ಎಲ್ಲರೂ ಎದ್ದು ನಿಂತರು.

ಸುಮ್ಮನೆ ತೆಗೆದುಕೊಂಡು ಬರೋಣ ಅಂತಲೇ ಹೋಗಿದ್ದೆ. ನಿಜ ಹೇಳ್ತೀನಿ. ಆ ಪದಕ ಕೈ ಹತ್ತಿರ ಬಂದಾಗ ಆಗಲಿಲ್ಲ. "ನಮ್ಮನೇವ್ರು ಒಡೀಲಿಲ್ಲ" ಅಂದೆ.

ಅವನಿಗೆ ಕೇಳಿಸಲಿಲ್ಲ. ಮುಂದಕ್ಕೆ ಬಾಗಿ, "ಏನಂದ್ರಿ ಅಮ್ಮ?" ಅಂದ.

"ಒಡೀಲಿಲ್ಲ. ಹಳೇ ಪೆಟ್ಟಿಗೆ ಬಡಿದ್ರು. ಹೆಲೆನೆ ಓಡಿದ್ದು ಅದಕ್ಕೇ. ಇದು ನನಗೆ ಬೇಡ."

ಆಮೇಲೆ ಹಿಂದಿನಿಂದ ಯಾರೋ "ದ್ರೋಹಿ" ಅಂದರು. ಇಬ್ಬರು ಮಕ್ಕಳನ್ನು ಕಳಕೊಂಡ ಒಬ್ಬಾಕೆ ಎದ್ದು ಬಂದು ನನ್ನ ಮುಖಕ್ಕೆ ಉಗಿದಳು. ನಾನು ಒರೆಸಿಕೊಳ್ಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಉಗಿಯುತ್ತಿದ್ದೆ. ಅವಳ ಜಾಗದಲ್ಲೇ ನಾನೂ ಇದ್ದೀನಿ ಅಂತ ಹೇಳುವಷ್ಟು ಬಾಯಿ ಬರಲಿಲ್ಲ. ಆಲ್ಮುತ್ ಬಂದು ನನ್ನ ತೋಳು ಹಿಡಿದಳು. "ನಡಿಯೇ, ನಿನ್ನಂಥ ಪೆದ್ದೀನ ನಾನು ಹುಟ್ಟಿದಾರಭ್ಯ ನೋಡಿಲ್ಲ" ಅಂತ ಬೈಯುತ್ತಾ, ಎಲ್ಲರ ನಡುವಿನಿಂದ ನನ್ನನ್ನು ಹೊರಗೆ ಎಳೆದುಕೊಂಡು ಬಂದಳು. ಮನೆಯವರೆಗೂ ಬೈದಳು. ಆಮೇಲೆ ನನ್ನ ಮುಖ ಅವಳೇ ತೊಳೆದಳು.

ಹಾಗಾಗಿ ಬೀದಿಗೆಲ್ಲ ಗೊತ್ತು. ಅಂಗಡಿಯಲ್ಲಿ ಮಾತಾಡಿಸುವುದಿಲ್ಲ. ಕಿಟಕಿಯ ಗಾಜು ಒಂದು ಹೋಗಿದೆ. ನೀನು ಬಂದರೆ ಇಂಥ ಬೀದಿಗೆ ಬರಬೇಕು. ಅದಕ್ಕೇ ಬರೆದೆ.

ಹಾಯೊನನ್ನು ಕೊಂದದ್ದು ನೀನಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೀನಿ. ಕೆಲವು ದಿನ ನಂಬುತ್ತೀನಿ. ಕೆಲವು ದಿನ ನೀನು ಸುತ್ತಿಗೆ ಎತ್ತಿ ಹಾಗೇ ನಿಂತದ್ದು ಕಣ್ಣಿಗೆ ಬರುತ್ತೆ, ಬಡಿ, ಬಡಿ ಅಂತ ಇಲ್ಲಿ ಅಡುಗೆಮನೆಯಲ್ಲಿ ನಿಂತು ಕೂಗುತ್ತೀನಿ. ನಾನು ಮಾತ್ರ ಏನು ಮಾಡಿದೆ? ಅವನ ಕೈಯಿಂದ ಪೆನ್ನು ವಾಪಸ್ ಕಿತ್ತುಕೊಳ್ಳಲಿಲ್ಲ. ನಾನು ನಿಜ ಬರೆದಿದ್ದರೆ ಯುದ್ಧಕ್ಕೆ ಹೋದ ಮಗನಿಗೆ ಅಪ್ಪ ಬರೆಯಬೇಕಾದಂಥ ಪತ್ರ ಒಂದಾದರೂ ನಿನ್ನಿಂದ ಅವನಿಗೆ ಬರುತ್ತಿತ್ತು.

ಇಲ್ಲೇ ಎಲ್ಲೋ ಇದ್ದುಬಿಡ್ತೀನಿ ಅಂದಿದ್ದೀಯ. ಅದು ಆಗಲ್ಲ. ನೀನು ಅಲ್ಲಿ ಉಳಿದರೆ ನಾನು ಇದನ್ನೆಲ್ಲ ಗೋಡೆಗೆ ಹೇಳಬೇಕು. ಬಾ. ನಂಬುವ ದಿನ ನಿನಗೆ ಊಟ ಹಾಕ್ತೀನಿ. ನಂಬದ ದಿನ ಹಾಕಲ್ಲ, ಆದರೂ ನೀನು ನನ್ನ ಎದುರಿಗೇ ಕೂತಿರಬೇಕು, ಎದ್ದು ಹೋಗಕೂಡದು. ಅವನ ಹೆಸರು ಹಿಡಿದು ಜಗಳ ಆಡುವುದಕ್ಕೆ ಈ ಪ್ರಪಂಚದಲ್ಲಿ ನನಗೆ ಇರುವವನು ನೀನೊಬ್ಬನೇ.

ಗೆಜೀನ